ಹುಳದ ಮನೆಯಲ್ಲಿ ಓದಿದ ಅಣ್ಣ

ಮಾಗಡಿ ಹತ್ತಿರದ ನಮ್ಮೂರು ಕಲ್ಯದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ನಾನು ಅಣ್ಣ ಎನ್ನುತ್ತಿದ್ದೆ. ಅವರಿಗೆ ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕಾಂಟ್ರ್ಯಾಕ್ಟ್ ಕೆಲಸ. ರೂಟರ್ ಕಂಪನಿಯವರು ನಡೆಸುವ ದೊಡ್ಡದೊಂದು ಪ್ರಾಕ್ಟಿಕಲ್ ಪರೀಕ್ಷೆ ಪಾಸಾದರೆ ಕಾಯಂ, ಇಲ್ಲವಾದರೆ ಮನೆಗೆ ಎಂದು ಫ್ಯಾಕ್ಟರಿಯವರು ಹೇಳಿದ್ದರು.

ರೇಷ್ಮೆಹುಳು ಸಾಕುವ ಮನೆ ಖಾಲಿಯಿದ್ದಾಗ ಅದರ ತಟ್ಟೆಗಳ ಮೇಲೆ ಹಳೆಯ ರೂಟರ್‌ಗಳನ್ನು ಜೋಡಿಸಿ ಅಭ್ಯಾಸ ಮಾಡುತ್ತಿದ್ದರು. ನಮ್ಮ ಮನೆಗೇ ಮೊದಲ ಡಿಗ್ರಿಯವನಾದ ನಾನೂ ಜೊತೆಗೆ ಕೂರುತ್ತಿದ್ದೆ. ಆ ಹಳೆಯ ಪೆಟ್ಟಿಗೆಗಳು ಒಂದನ್ನೊಂದು ಗುರುತು ಹಿಡಿಯಲು ಬಹಳ ಹೊತ್ತು ಬೇಕಿತ್ತು. ನಾನು ಕೀಬೋರ್ಡಿಗೆ ಕೈ ಹಾಕಿದರೆ ಮಣಿಕಟ್ಟು ಹಿಡಿದುಬಿಡುವರು.

“ಮುಟ್ಬ್ಯಾಡ ಕಣ್ಲಾ ಡಿಗ್ರಿ, ಜ್ವರಕ್ಕೆ ಕೂತೈತೆ. ತಾನೇ ಏಳ್ತದೆ.”

ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಅಲ್ಲಾಡದೆ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಯಾರೂ ಅದನ್ನು ಮುಟ್ಟುವುದಿಲ್ಲ.

ಪರೀಕ್ಷೆಯ ದಿನ ಸಂಜೆ ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಬಸ್ಸಿಳಿದ ಅಣ್ಣ ಸುಮ್ಮನೆ ನಕ್ಕರು.

“ಏನಾಯ್ತಣ್ಣ?”

“ಒಂದು ರೂಟರ್ ಮಾತಾಡ್ಲೇ ಇಲ್ಲ ಕಣ್ಲಾ. ಏಳ್ತದೆ ಅಂತ ಕೈ ಕಟ್ಕೊಂಡು ಕಾದೆ. ಪರೀಕ್ಷೆಯೋರೇ ಬೇಕಂತ ಕೆಡಿಸಿಟ್ಟಿದ್ರು, ನಾನು ಹುಡುಕಿ ಸರಿಮಾಡ್ಬೇಕಿತ್ತು. ಗೊತ್ತಾಗೋ ಹೊತ್ಗೆ ಟೈಮ್ ಮುಗ್ದೋಯ್ತು.”

ಕೆಲಸ ಹೋಯಿತು. ರೂಟರ್‌ಗಳನ್ನು ನನಗೆ ಕೊಟ್ಟು ತಟ್ಟೆಗಳನ್ನು ತೊಳೆದಿಟ್ಟರು. ಮರುವರ್ಷ ಅದೇ ಪರೀಕ್ಷೆ ಪಾಸಾಗಿ ನಾನು ಸಿಹಿ ಹಿಡಿದು ಹೋದಾಗ ಅಣ್ಣ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು.

“ಈ ಮನೇಲಿ ಓದಿದೋನು ಒಬ್ಬನಾದ್ರೂ ಪಾಸಾದ್ನಲ್ಲ, ಬುಡು,” ಎಂದರು. ಕೈಯಲ್ಲಿದ್ದ ಸೊಪ್ಪನ್ನು ಆಗಲೇ ಹಾಕಿ ಮುಗಿಸಿದ್ದ ತಟ್ಟೆಗೇ ಮತ್ತೆ ಹಾಕಿದರು.