ಬೈಯಲು ಒಬ್ಬಳಿದ್ದಳು

ನನ್ನನ್ನು ಸಾಕಿದ್ದು ಚಿಕ್ಕಮ್ಮ. ನನ್ನನ್ನು ಆ ಮನೆಯಲ್ಲಿ ಉಳಿಸಿದ್ದು ಎದುರುಮನೆ ಅತ್ತೆಯ ಕೆಟ್ಟ ಬಾಯಿ. ನಡೆದದ್ದು ಇಷ್ಟೇ. ನಮ್ಮೂರು ಯಲಿಯೂರಿನವರು ಬೇರೆ ಏನೇನೋ ಹೇಳುತ್ತಾರೆ.

ಅತ್ತೆಯ ಬಲಗೈ ಹೆಬ್ಬೆರಳು ಕುಡುಗೋಲಿಗೆ ಸಿಕ್ಕಿ ಅರ್ಧ ಉಳಿದಿತ್ತು. ಆ ಮೋಟು ಬೆರಳಲ್ಲೇ ನನ್ನ ಕಿವಿ ಹಿಂಡುತ್ತಿದ್ದಳು. ನೋವಾಗುತ್ತಿತ್ತು. ನಮಗೆ ಅವಳು ನೆಂಟಳಲ್ಲ, ಒಂಟಿ ಹೆಂಗಸು. ಎಲ್ಲರೂ ಕರೆದಂತೆ ನಾನೂ ಅತ್ತೆ ಎನ್ನುತ್ತಿದ್ದೆ.

ಯುದ್ಧ ನಡೆಯುತ್ತಿದ್ದ ಕಾಲ. ಚಳಿಜ್ವರದಲ್ಲಿ ಅಪ್ಪ ಅವ್ವ ಇಬ್ಬರೂ ಹೋದಮೇಲೆ ಅವ್ವನ ತಂಗಿ ನನ್ನನ್ನು ಕರೆತಂದಳು. ತನ್ನ ಮಕ್ಕಳಿಗೆ ಬಡಿಯುವಂತೆ ನನಗೆ ಬಡಿಯಲು ಅವಳಿಗೆ ಆಗುತ್ತಿರಲಿಲ್ಲ. ಕೈಯೆತ್ತಿದರೆ, ತಬ್ಬಲಿಗೆ ಹೊಡೆದಳು ಎಂದು ಬೀದಿಯೇ ಆಡಿಕೊಳ್ಳುತ್ತಿತ್ತು. ಆ ಮಾತು ಹಲಗೂರಿನ ದೊಡ್ಡಪ್ಪನ ಕಿವಿಗೆ ಬಿದ್ದರೆ ಮುಗಿಯಿತು. ಅಪ್ಪನ ಅಣ್ಣ, ಹಕ್ಕು ಅವನದು. ಅವನಿಗೆ ಆಡು ಕಾಯಲು ಒಂದು ಹುಡುಗಿ ಬೇಕಿತ್ತು.

ನಾನು ತಪ್ಪು ಮಾಡಿದಾಗ ಚಿಕ್ಕಮ್ಮ ಹೊಸಿಲಿಗೆ ಬಂದು ಸುಮ್ಮನೆ ನಿಲ್ಲುವಳು. ಅಷ್ಟೇ. ಅತ್ತೆ ರಾಗಿ ಬೀಸುವುದನ್ನು ಬಿಟ್ಟು ಬರುವಳು.

"ಏನಮ್ಮಿ, ಆಲು ಚೆಲ್ದ್ಯಾ? ಕಣ್ಣೇನ್ ಅಟ್ಟದ್ ಮೇಲೆ ಮಡ್ಗಿದ್ಯಾ?"

ಬೀದಿಯ ಮಕ್ಕಳು ಅವಳನ್ನು ಕಂಡರೆ ಓಡುತ್ತಿದ್ದವು. ಹಬ್ಬದ ದಿನವೂ ಅವಳ ಜಗಲಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ನಾನೂ ಕೂರಲಿಲ್ಲ.

ಒಂದು ದಿನ ದೊಡ್ಡಪ್ಪ ಬಂದೇಬಿಟ್ಟ. ನನ್ನ ಕೆಂಪು ಕಿವಿ ನೋಡಿ ಚಿಕ್ಕಮ್ಮನಿಗೆ, "ನನ್ ತಮ್ಮನ್ ಮಗೀಗೆ ಒಡೀತೀಯಂತಲ್ಲಮ್ಮ. ಕರ್ಕಂಡ್ ಓಯ್ತೀನಿ" ಎಂದು ನನ್ನ ರಟ್ಟೆ ಹಿಡಿದ.

ಅತ್ತೆ ಬೀದಿ ದಾಟಿ ಬಂದಳು. "ಬುಡಪ್ಪ ಕೈಯ. ಕಿವಿ ಇಂಡಿದ್ದು ನಾನು. ಅವಳು ಒಂದಿನಾನೂ ಮುಟ್ಟಿಲ್ಲ. ಯಾರ್ನಾರಾ ಕೇಳು."

"ನೀನ್ಯಾವಳು ಇಂಡಕ್ಕೆ?"

"ಬಾಯ್ಬಡ್ಕಿ ಕಣಪ್ಪ. ಊರೆಲ್ಲಾ ಅಂಗೇ ಅಂತದೆ."

ಸೇರಿದ್ದವರಲ್ಲಿ ಯಾರೋ ನಕ್ಕರು. ಚಿಕ್ಕಮ್ಮ ಹೊಡೆದದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ದೊಡ್ಡಪ್ಪ ಅತ್ತೆಯನ್ನು ಬಾಯಿಗೆ ಬಂದಂತೆ ಬೈದ. ಚಿಕ್ಕಮ್ಮನ ಕಡೆ ತಿರುಗಿ, "ನೀನ್ ಬೈದೆ, ಒಡುದೆ ಅಂತ ಕಿವೀಗ್ ಬಿದ್ರೆ ಮಾತ್ರ ಬುಡಾಕಿಲ್ಲ" ಎಂದು ಹೇಳಿ ಸಂಜೆಯ ರೈಲಿಗೆ ಹೋದ.

ಅತ್ತೆ ಸೆರಗು ಕೊಡವಿ ಹೋಗಿ ಬೀಸುವ ಕಲ್ಲಿನ ಮುಂದೆ ಕುಳಿತಳು. ಚಿಕ್ಕಮ್ಮ ಅವಳಿಗೆ ಒಂದು ಮಾತೂ ಹೇಳಲಿಲ್ಲ. ಇಬ್ಬರೂ ಒಂದೇ ಎಂದು ಬೀದಿಗೆ ಗೊತ್ತಾಗಬಾರದಿತ್ತು. ನನಗೆ ಆವತ್ತು ಗೊತ್ತಾಯಿತು.

ಅದೇ ಮಳೆಗಾಲದಲ್ಲಿ ಅತ್ತೆಯೂ ಚಳಿಜ್ವರದಲ್ಲಿ ಹೋದಳು. ಹೆಣ ಹೊರಲು ಜನ ಬಂದರು, ಅಳಲು ಯಾರೂ ಬರಲಿಲ್ಲ. ಚಿಕ್ಕಮ್ಮ ಒಳಗೆ ಗೋಡೆಗೆ ಮುಖಮಾಡಿ ಕುಳಿತಿದ್ದಳು.

ಇನ್ನು ನಾನು ತಪ್ಪು ಮಾಡಿದರೆ ಬೈಯಬೇಕಾದವಳು ಚಿಕ್ಕಮ್ಮನೇ. ಮಾರನೆಯ ಬೆಳಗ್ಗೆ ಯಾರೂ ಎಬ್ಬಿಸುವ ಮೊದಲೇ ಎದ್ದು ಕೊಟ್ಟಿಗೆ ಬಾಚಿದೆ. ಬಾವಿಯಿಂದ ನೀರು ತಂದು ಹಂಡೆ ತುಂಬಿಸಿದೆ.