ಬಸ್ಸಿನಲ್ಲಿ ಅವಳಾಡಿದ ಉಳಿದ ಮಾತು

ಅಜ್ಜಂಪುರದಿಂದ ಕಡೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಮನೆಗೆ ಬಂದು ಸುಸ್ತೆಂದು ಮಲಗಿದಳು. ಬೆಳಿಗ್ಗೆ ಏಳಲಿಲ್ಲ.

ಮಾತಾಡಿಸಲು ಬಂದವರೆಲ್ಲ ಕೇಳಿದ್ದು ಒಂದೇ, ಕೊನೆಗೆ ಏನಂದಳು ಅಂತ. ಬೀರೂರು ಸಮೀಪಿಸುವಾಗ ಆಕೆ ಅಂದದ್ದನ್ನು ಹೇಳಿದೆ: "ಕಿಟ್ಕಿ ಮುಚ್ರೀ, ರಸ್ತೆ ಧೂಳೆಲ್ಲ ನಾವೇ ನುಂಗ್ಬೇಕಾ?"

"ನೋಡ್ರಪ್ಪ, ಹೋಗೋವಾಗ್ಲೂ ಗಂಡನ್ನ ಬೈದೇ ಹೋದ್ಲು ಪುಣ್ಯಾತ್ಗಿತ್ತಿ!" ಎಂದು ನನ್ನ ತಂಗಿ ಅಳುತ್ತಲೇ ನಕ್ಕಳು. ಮುಂದೆ ಬಂದವರಿಗೂ ಅದನ್ನೇ ಹೇಳಿದೆ. ಹೇಳುವಾಗ ಎಲ್ಲಿ ತಡೆದು ನಿಲ್ಲಬೇಕು, ಎಲ್ಲಿ ಅವಳಂತೆ ಕೈ ಬೀಸಬೇಕು ಎನ್ನುವುದೂ ರೂಢಿಯಾಯಿತು.

ತರೀಕೆರೆಗೆ ಕೊಟ್ಟಿದ್ದ ಮಗಳು ಆಗ ಹಸಿ ಬಾಣಂತಿ. ಅಲ್ಲಿನ ಹಿರಿಯರು ಸಾವಿಗೆ ಕಳಿಸಲಿಲ್ಲ. ಬಾಣಂತನಕ್ಕೆ ತವರಿಗೆ ಬರದೆ ಅತ್ತೆಮನೆಯಲ್ಲೇ ಉಳಿದಳೆಂದು ತಾಯಿ ಅವಳೊಂದಿಗೆ ಮಾತು ಬಿಟ್ಟಿದ್ದಳು. ತಿಥಿ ಮುಗಿದ ಮೇಲೆ ಮಗಳು ಕೂಸಿನೊಂದಿಗೆ ಬಂದಳು.

"ಅಪ್ಪಾ, ಬಸ್ಸಲ್ಲಿ ನನ್ ಸುದ್ದಿ ಎತ್ತಿದ್ಲಾ?"

ಎತ್ತಿದ್ದಳು. ರೈಲ್ವೆ ಗೇಟಿನಲ್ಲಿ ಬಸ್ಸು ನಿಂತಾಗ ನನ್ನತ್ತ ತಿರುಗಿ, ಮಗಳ ಹೆಸರು ಹಿಡಿದು ಏನೋ ಹೇಳಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಅಥವಾ ಆ ಸೆರಗನ್ನು ಆಮೇಲೆ ನಾನೇ ಸೇರಿಸಿದೆನೋ. ಹೆಸರಿನ ಮುಂದಿನ ಮಾತು ನೆನಪಿನಲ್ಲಿಲ್ಲ. ಸಾವಿನ ದಿನ ಅದು ನನ್ನಲ್ಲಿತ್ತು, ಅಷ್ಟು ಗೊತ್ತು. ಯಾವ ಕಡೆಯಿಂದ ಹೋದರೂ ಧೂಳಿನ ಮಾತು ಮೊದಲೇ ಓಡಿಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಹೇಳಿ ಹೇಳಿ ನಾನೇ ಅದನ್ನು ಕೊಬ್ಬಿಸಿದ್ದೆ. ಮಗಳು ಬರುವ ಮೊದಲೇ ಒಮ್ಮೆ ಅದೇ ಬಸ್ಸು ಹತ್ತಿ, ಗೇಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಆಗಲೂ ಕೇಳಿಸಿದ್ದು ಅದೇ.

"ಬೈದಿದ್ರೆ ಬೈದ್ಲು ಅನ್ನಪ್ಪ. ನಂಗೇನೂ ಬ್ಯಾಸ್ರ ಇಲ್ಲ."

"ನೆಪ್ಪಿಗೆ ಬತ್ತಿಲ್ಲ ಕಣೇ."

"ಊರೋರ್ಗೆಲ್ಲ ಕಥೆ ಹೇಳೋಕೆ ನೆಪ್ಪೈತೆ!"

ತಡೆಯಲಾಗಲಿಲ್ಲ. "ಸಿಟ್ಟೆಲ್ಲ ಹೋಯ್ತು, ನಾನೇ ಹೋಗಿ ಮಗೂನ ಎತ್ಕೊಂಡ್ ಬತ್ತೀನಿ ಅಂದ್ಲು" ಎಂದೆ.

ಮಗಳು ನನ್ನನ್ನೇ ನೋಡಿದಳು. "ಇದು ನೀನ್ ಕಟ್ಟಿದ್ದು ಕಣಪ್ಪ. ಅವ್ಳು ಅಷ್ಟ್ ಸಲೀಸಾಗಿ ಸೋಲೋಳಲ್ಲ." ಕೂಸಿನ ಕುಲಾವಿ ಸರಿಮಾಡಿ, ಸಂಜೆಯ ಬಸ್ಸಿಗೆ ಹೊರಟಳು.

ಈಗ ಗೇಟು, ಸೆರಗು, ಹೆಸರು, ಇಷ್ಟು ನೆನೆಯುತ್ತಲೇ ಮುಂದಿನ ಮಾತು ತಡವರಿಸದೆ ಬರುತ್ತದೆ. ಮಗೂನ ಎತ್ಕೊಂಡ್ ಬತ್ತೀನಿ. ದನಿ ಥೇಟ್ ಅವಳದೇ.