ಸಾಲ್ವಿಯಾದ ಕುಡಿ ಚಿವುಟಿದ್ದು

ನನ್ನ ಗಂಡ ರೈಲ್ವೆಯಿಂದ ನಿವೃತ್ತರಾದ ಮರುವರ್ಷ, ಮಳೆಗಾಲದಲ್ಲಿ, ಅವರಿಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು, ಕಾಲೂ ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಮಾತ್ರ ಬೇರೆ ಯಾರದೋ ಎಂಬಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಧಾರವಾಡದ ಕಡೆಯಿಂದ ವರ್ಗವಾಗಿ ಬಂದು, ನಾಗಪುರದಲ್ಲೇ ಮನೆ ಕಟ್ಟಿಕೊಂಡು ಉಳಿದವರು ನಾವು.

ವ್ಯಾಯಾಮ ಮಾಡಿಸಲು ಮನೆಗೆ ಬರುತ್ತಿದ್ದ ಮರಾಠಿ ಹುಡುಗಿ ಕಲಸಿದ ಹಿಟ್ಟಿನಂಥ ಮೆತ್ತನೆಯ ಮುದ್ದೆಯೊಂದನ್ನು ಕೊಟ್ಟು, "ಕಾಕಾ, ಚಿಮಟಾ ಕಾಢಾ" ಎನ್ನುತ್ತಿದ್ದಳು. ಹೆಬ್ಬೆರಳು, ತೋರುಬೆರಳು ಕೂಡಿಸಿ ಅದನ್ನು ಚಿವುಟಬೇಕು. ಅವಳು ಗೇಟು ದಾಟುತ್ತಲೇ ಇವರು ಮುದ್ದೆಯನ್ನು ಆಚೆ ಸರಿಸುತ್ತಿದ್ದರು.

"ನಾ ಏನ್ ಸಣ್ಣ ಹುಡುಗೇನ, ಹಿಟ್ಟಿನ ಜೋಡಿ ಆಡಾಕ?"

ಮಳೆ ನಿಂತ ಮೇಲೆ ಕೆಂಪು ಸಾಲ್ವಿಯಾ ಹೂವಿನ ಬೀಜ ಹಾಕುವುದು ನನ್ನ ರೂಢಿ. ಇಲ್ಲಿಯ ಎರೆಮಣ್ಣು ನೀರು ಹಿಡಿದು ಬೇರು ಕೊಳೆಸುತ್ತದೆಂದು ಮರಳು, ಸೆಗಣಿಗೊಬ್ಬರ ಬೆರೆಸಿ ಕುಂಡ ತುಂಬುತ್ತೇನೆ. ಸಸಿ ಗೇಣುದ್ದ ಆಗುವ ಮೊದಲೇ ತುದಿಯ ಕುಡಿ ಚಿವುಟಬೇಕು. ಬಿಟ್ಟರೆ ಒಂಟಿ ಕಡ್ಡಿಯಾಗಿ ಬೆಳೆದು, ಒಂದು ತೆನೆ ಹೂಬಿಟ್ಟು ಸುಮ್ಮನಾಗುತ್ತದೆ.

ಆ ಬೆಳಿಗ್ಗೆ ಚಿವುಟುತ್ತ ಕೂತಿದ್ದೆ. ಕುರ್ಚಿಯಿಂದ ನೋಡುತ್ತಿದ್ದವರು ಕೇಳಿದರು: "ಚಲೋ ಬೆಳ್ಯಾಕತ್ತಾವು. ಯಾಕ ಮುರೀತಿ?"

"ಮುರದ್ರ ಬಗಲಾಗಿಂದ ಎರಡೆರಡು ಟೊಂಗಿ ಒಡಿತಾವ್ರಿ."

ಹೇಳುತ್ತಲೇ ನನಗೆ ಆ ಹುಡುಗಿಯ ಮಾತು ನೆನಪಾಯಿತು. ಒಂದು ಕುಂಡವನ್ನು ಸ್ಟೂಲಿನ ಮೇಲಿಟ್ಟು ಅವರ ಹತ್ತಿರ ತಳ್ಳಿದೆ. "ಇದೊಂದು ನೀವ ಚಿವುಟ್ರಿ."

"ಈ ಕೈಲೇನ?"

"ಹೂಂ, ಅದ ಕೈಲೆ."

ಎಡಗೈಯಿಂದ ಬಲಗೈಯನ್ನು ಎತ್ತಿ ಸಸಿಯ ಬಳಿ ತಂದರು. ಬೆರಳು ಕೂಡುವ ಹೊತ್ತಿಗೆ ಕೈ ಅದುರಿ, ಸಸಿ ಬೇರುಸಹಿತ ಕಿತ್ತು ಬಂತು. ಅವರ ಮುಖ ಸಣ್ಣದಾಯಿತು. "ನೋಡು, ಕೊಂದಬಿಟ್ಟೆ."

ಮತ್ತೆ ನೆಟ್ಟು ನೀರೆರೆದೆ. ಅದು ಉಳಿಯಲಿಲ್ಲ. ಇನ್ನು ಇವರು ಕುಂಡದ ಕಡೆ ತಿರುಗಿಯೂ ನೋಡಲಾರರು ಎಂದುಕೊಂಡಿದ್ದೆ. ಮರುದಿನ ಚಹಾ ಮುಗಿಸಿದವರೇ, "ಉಳದಾವು ಅದಾವಿಲ್ಲೋ? ತಾ ಇಲ್ಲೆ" ಎಂದರು.

ಕುಡಿ ಹಿಡಿಯಲು ಹೋದರೆ ಎಲೆ ಹರಿಯುತ್ತಿತ್ತು. ಎಲೆ ಬಿಟ್ಟು ಹಿಡಿದರೆ ಕಾಂಡವೇ ಜಜ್ಜಿಹೋಗುತ್ತಿತ್ತು. ಬೈದುಕೊಳ್ಳುತ್ತ, ಬೆವರುತ್ತ ಮತ್ತೆ ಹಿಡಿಯುತ್ತಿದ್ದರು. ಕೊನೆಗೊಮ್ಮೆ ಒಂದು ಕುಡಿ ಚಟ್ಟನೆ ಮುರಿದು ಅವರ ಬೆರಳುಗಳ ನಡುವೆ ನಿಂತಿತು. ಅವರು ಅದನ್ನು ಕೆಳಗೆ ಹಾಕಲೇ ಇಲ್ಲ. ವ್ಯಾಯಾಮದ ಹುಡುಗಿ ಬರುವವರೆಗೆ ಹಾಗೇ ಹಿಡಿದು ಕೂತಿದ್ದರು.

"ಹೇ ಕಾಯ, ಕಾಕಾ?" ಎಂದು ಅವಳು ಕುಡಿ ತೋರಿಸಿ ಕೇಳಿದ್ದಕ್ಕೆ, "ಹೋಮವರ್ಕ್" ಎಂದರು. ಅವಳು ಚಪ್ಪಾಳೆ ತಟ್ಟಿದಳು.

ಚಳಿ ಬಿದ್ದಾಗ ಗಿಡಗಳು ಹೂಬಿಟ್ಟವು. ಒಂದು ಕುಳ್ಳು, ಒಂದು ಸೊಟ್ಟ, ಇನ್ನೊಂದು ಒಂದೇ ಮಗ್ಗುಲಿಗೆ ವಾಲಿದ್ದು. ಅಂಗಳವೆಲ್ಲ ಕೆಂಪಾಯಿತು. ಒಣಗಿದ ತೆನೆ ತೆಗೆದರಷ್ಟೇ ಹೊಸದು ಬರುತ್ತದೆಂದು ಹೇಳಿದ ಮೇಲೆ ಆ ಕೆಲಸ ತಾವಾಗಿ ವಹಿಸಿಕೊಂಡರು. ನಾನು ಕೈ ಹಾಕಿದರೆ, "ಬಿಡ ನೀ. ಜಲ್ದಿ ಮಾಡಿ ಮೊಗ್ಗ ಕಿತ್ತಗಿತ್ತೀ" ಎನ್ನುತ್ತಿದ್ದರು.

ಕೈ ಪೂರ್ತಿ ಮೊದಲಿನಂತಾಗಲಿಲ್ಲ. ಪೆನ್ನು ಇನ್ನೂ ಜಾರುತ್ತದೆ. ಆದರೆ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ನಾನು ರೊಟ್ಟಿ ಚೂರು ಮಾಡಿ ಕೊಡಲು ಹೋದಾಗ ತಾಟನ್ನು ತಮ್ಮ ಕಡೆ ಎಳೆದುಕೊಂಡರು. ಬಲಗೈಯಿಂದಲೇ ಜೋಳದ ರೊಟ್ಟಿ ಹರಿದರು. ತುಂಡು ಎಷ್ಟು ದೊಡ್ಡದಾಗಿತ್ತೆಂದರೆ ಬಾಯಲ್ಲಿ ಹಿಡಿಸಲೇ ಇಲ್ಲ. ಕೆನ್ನೆ ಉಬ್ಬಿಸಿಕೊಂಡೇ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.